ಓಟಿಟಿ ಖಾತೆಯ ಪಾಸ್‌ವರ್ಡ್ ಹಂಚಿಕೆ ಮತ್ತು ಕಾನೂನು: ಶಾಂತಿಗ್ರಾಮ ಹೋಬಳಿ ಹಾಗೂ ಸುತ್ತಲಿನ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ವಿಷಯ

ಚಲನಚಿತ್ರ, ಧಾರಾವಾಹಿ, ಕ್ರಿಕೆಟ್ ಪಂದ್ಯ ಮೊದಲಾದವುಗಳನ್ನು ಚಂದಾ ಪಡೆದು ಅಂತರಜಾಲದ ಮೂಲಕ ಒದಗಿಸುವ ಸೇವೆಗಳು ಜನಬಳಕೆಯಲ್ಲಿ ಓಟಿಟಿ ಎಂದು ಪರಿಚಿತವಾಗಿವೆ. ಸದರಿ ಸೇವೆಯ ಖಾತೆಯ ಗುಪ್ತಪದವನ್ನು, ಅಂದರೆ ಪಾಸ್‌ವರ್ಡನ್ನು, ಒಬ್ಬರು ಮತ್ತೊಬ್ಬರಿಗೆ ನೀಡುವುದು ಅಪರಾಧವೇ, ಅಪರಾಧವಾದಲ್ಲಿ ಯಾವ ಕಾಯ್ದೆಯ ಮೇರೆಗೆ, ಖಾತೆ ದುರುಪಯೋಗವಾದಲ್ಲಿ ದೂರು ಎಲ್ಲಿ ಸಲ್ಲಿಸಬೇಕು ಎಂಬ ವಿಷಯಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ನಾಗರಿಕರ ಅನುಕೂಲವನ್ನು ಗಮನದಲ್ಲಿಟ್ಟುಕೊಂಡು ಇದನ್ನು ಸಿದ್ಧಪಡಿಸಲಾಗಿದೆ.

ಪಾಸ್‌ವರ್ಡ್ ಹಂಚಿಕೆಯನ್ನೇ ಹೆಸರಿಸಿ ಅಪರಾಧವೆಂದು ಸಾರುವ ಪ್ರತ್ಯೇಕ ಕಾನೂನು ಭಾರತದಲ್ಲಿ ಇರುವುದಿಲ್ಲ. ಕರ್ನಾಟಕದಲ್ಲಿಯೂ ಇರುವುದಿಲ್ಲ. ಆದರೆ ಪಾಸ್‌ವರ್ಡನ್ನು ಅದರ ಒಡೆಯರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮೇರೆಗೆ ಮೂರು ವರ್ಷಗಳವರೆಗೆ ಕಾರಾವಾಸ ವಿಧಿಸಬಹುದಾದ ಅಪರಾಧ. ಅದನ್ನೇ ಹಣ ಸಂಪಾದನೆಯ ಮಾರ್ಗವಾಗಿ ಮಾಡಿಕೊಂಡವರಿಗೆ ಕರ್ನಾಟಕದಲ್ಲಿ 2014ರಿಂದ ಮತ್ತೊಂದು ಕಠಿಣ ಕಾಯ್ದೆಯೂ ಅನ್ವಯವಾಗಬಹುದಾಗಿದೆ. ಕೊಟ್ಟವರು ಒಪ್ಪಿ ಕೊಟ್ಟರೇ, ಪಡೆದವರು ಹಣಕ್ಕಾಗಿ ಪಡೆದರೇ ಎಂಬ ಎರಡು ಪ್ರಶ್ನೆಗಳನ್ನು ಓದುಗರು ಕೊನೆಯವರೆಗೂ ನೆನಪಿನಲ್ಲಿಡುವುದು ಸೂಕ್ತ. ಹೆಚ್ಚಿನ ಸಂದೇಹಗಳು ಇವುಗಳಿಂದಲೇ ಪರಿಹಾರವಾಗುತ್ತವೆ.

ಮನೆಮಂದಿಯೊಳಗಿನ ಹಂಚಿಕೆ

ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ಚಂದಾ ಪಾವತಿಸುತ್ತಾಳೆ. ತಂದೆ ತಾಯಿ ಶಾಂತಿಗ್ರಾಮದ ಮನೆಯಲ್ಲಿ ಅದೇ ಖಾತೆಯಿಂದ ಚಿತ್ರ ವೀಕ್ಷಿಸುತ್ತಾರೆ. ಈ ಭಾಗದ ಅನೇಕ ಕುಟುಂಬಗಳ ಸ್ಥಿತಿ ಇದೇ ಆಗಿದೆ. ಖಾತೆಯ ಒಡತಿ ತಾನಾಗಿಯೇ ಪಾಸ್‌ವರ್ಡ್ ನೀಡಿರುವುದರಿಂದ ಇಲ್ಲಿ ಅನ್ಯರ ಗುರುತನ್ನು ಕದ್ದ ಮಾತು ಬರುವುದಿಲ್ಲ. ಇಂತಹ ಹಂಚಿಕೆಗಾಗಿ ಪೊಲೀಸರು ಮನೆಗೆ ಬರುತ್ತಾರೆ ಎಂಬ ಭಯಕ್ಕೆ ಕಾನೂನಿನಲ್ಲಿ ಆಧಾರವಿಲ್ಲ.

ಆದಾಗ್ಯೂ ಸಂಸ್ಥೆಯ ಷರತ್ತುಗಳು ಬೇರೆಯೇ ವಿಷಯ. ಖಾತೆ ತೆರೆಯುವಾಗ ಚಂದಾದಾರರು ಒಪ್ಪಿಕೊಳ್ಳುವ ಷರತ್ತುಗಳು ಒಂದು ಕರಾರು. ನೆಟ್‌ಫ್ಲಿಕ್ಸ್ ಸಂಸ್ಥೆಯು 2017ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂಬರ್ಥದ ಸಂದೇಶವನ್ನು ತಾನೇ ಪ್ರಕಟಿಸಿತ್ತು. ಅದೇ ಸಂಸ್ಥೆ 2022ರಲ್ಲಿ ಚಿಲಿ, ಕೋಸ್ಟರೀಕ ಮತ್ತು ಪೆರು ದೇಶಗಳಲ್ಲಿ ಮನೆಯ ಹೊರಗಿನ ಬಳಕೆಗೆ ಹೆಚ್ಚುವರಿ ಶುಲ್ಕ ವಿಧಿಸುವ ಪ್ರಯೋಗ ಆರಂಭಿಸಿ, 2023ರ ಜುಲೈ ತಿಂಗಳಲ್ಲಿ ಭಾರತದ ಚಂದಾದಾರರಿಗೂ ಒಂದು ಖಾತೆ ಒಂದು ಮನೆಗೆ ಮಾತ್ರ ಎಂದು ತಿಳಿಸಿತು. ಪ್ರೀತಿಯ ವ್ಯಾಖ್ಯೆ ಆರು ವರ್ಷಗಳಲ್ಲಿ ಬದಲಾಯಿತೆನ್ನಬೇಕು. ಈ ಷರತ್ತನ್ನು ಮೀರಿದಲ್ಲಿ ಸಂಸ್ಥೆಯು ವೀಕ್ಷಣೆಯನ್ನು ತಡೆಹಿಡಿಯಬಹುದು, ಖಾತೆಯನ್ನು ರದ್ದುಪಡಿಸಬಹುದು, ಕರಾರಿನ ಉಲ್ಲಂಘನೆಗಾಗಿ ಸಿವಿಲ್ ಪರಿಹಾರ ಕೋರಬಹುದು. ದಂಡ ವಿಧಿಸುವ ಅಧಿಕಾರ ಸಂಸ್ಥೆಗಿಲ್ಲ. ಆ ಅಧಿಕಾರ ನ್ಯಾಯಾಲಯದ್ದು.

ನಾಲ್ವರು ಸ್ನೇಹಿತರು ಚಂದಾ ಮೊತ್ತವನ್ನು ಸಮನಾಗಿ ಹಂಚಿಕೊಂಡು ಒಂದೇ ಖಾತೆ ಬಳಸಿದಲ್ಲಿಯೂ ಇದೇ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಒಬ್ಬರು ಖರ್ಚಿಗಿಂತ ಹೆಚ್ಚು ವಸೂಲು ಮಾಡಿ, ಪರಿಚಯವಿಲ್ಲದವರಿಗೂ ಪ್ರವೇಶ ಮಾರಲು ತೊಡಗಿದಾಗ ಅದು ಹಂಚಿಕೆಯಾಗಿ ಉಳಿಯುವುದಿಲ್ಲ, ವ್ಯಾಪಾರವಾಗುತ್ತದೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000

ಈ ಅಧಿನಿಯಮವು 2000ನೇ ಇಸವಿಯ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ಮೂಲ ಅಧಿನಿಯಮದಲ್ಲಿ ಪಾಸ್‌ವರ್ಡಿನ ದುರುಪಯೋಗಕ್ಕೆ ಪ್ರತ್ಯೇಕ ಪ್ರಕರಣವಿರಲಿಲ್ಲ. 2008ರ ತಿದ್ದುಪಡಿಯ ಮೂಲಕ ಸೇರ್ಪಡೆಯಾಗಿ 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿರುವ 66ಸಿ ಪ್ರಕರಣದ ಮೇರೆಗೆ, ಬೇರೊಬ್ಬರ ವಿದ್ಯುನ್ಮಾನ ಸಹಿ, ಪಾಸ್‌ವರ್ಡ್ ಅಥವಾ ಇತರ ವಿಶಿಷ್ಟ ಗುರುತನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದವರಿಗೆ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದಾಗಿದೆ.

ಈ ಪ್ರಕರಣದಲ್ಲಿ ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಎಂಬ ಪದಗಳು ಮುಖ್ಯವಾದವು. ಪಾಸ್‌ವರ್ಡ್ ತಿಳಿದಿರುವುದು ಅಪರಾಧವಲ್ಲ. ಒಪ್ಪಿಗೆಯಿಂದ ಬಳಸುವುದನ್ನೂ ಈ ಪ್ರಕರಣ ಹೇಳುವುದಿಲ್ಲ. ತನಗೆ ಹಕ್ಕಿಲ್ಲದ ಲಾಭ ಪಡೆಯುವ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಉಂಟುಮಾಡುವ ಉದ್ದೇಶವಿರಬೇಕು. ಉದ್ದೇಶವಿತ್ತೇ ಇಲ್ಲವೇ ಎಂಬುದನ್ನು ಆಯಾ ಪ್ರಕರಣದ ಸಂಗತಿಗಳ ಮೇಲೆ ನ್ಯಾಯಾಲಯವೇ ತೀರ್ಮಾನಿಸತಕ್ಕದ್ದು.

ಜೊತೆಗೆ 43ನೇ ಪ್ರಕರಣವನ್ನು ಓದಿಕೊಳ್ಳಬೇಕು. ಗಣಕಯಂತ್ರ ಅಥವಾ ಗಣಕ ಜಾಲದ ಒಡೆಯರ ಇಲ್ಲವೇ ಅದರ ಉಸ್ತುವಾರಿ ಹೊಂದಿರುವವರ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸಿದವರು ನಷ್ಟಕ್ಕೆ ಪರಿಹಾರ ನೀಡಬೇಕಾಗುತ್ತದೆ. ಅದೇ ಕೃತ್ಯವನ್ನು ಅಪ್ರಾಮಾಣಿಕವಾಗಿ ಮಾಡಿದಲ್ಲಿ 66ನೇ ಪ್ರಕರಣದ ಮೇರೆಗೆ ಮೂರು ವರ್ಷಗಳವರೆಗೆ ಕಾರಾವಾಸ, ಐದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಎರಡೂ.

ಅನುಮತಿಯನ್ನು ಒಮ್ಮೆ ಕೊಟ್ಟರೆ ಅದು ಶಾಶ್ವತವೆಂದು ಹಲವರು ಭಾವಿಸಿರುತ್ತಾರೆ. ಅದು ಸರಿಯಲ್ಲ. ಬಾಡಿಗೆದಾರರು ಮನೆ ಬಿಟ್ಟು ಹೋದ ಮೇಲೆ, ಅಣ್ಣತಮ್ಮಂದಿರು ಬೇರೆಯಾದ ಮೇಲೆ, ಸ್ನೇಹ ಮುರಿದ ಮೇಲೆ ಹಳೆಯ ಪಾಸ್‌ವರ್ಡ್ ಆ ಕಡೆಯ ಟಿವಿಯಲ್ಲಿ ಹಾಗೆಯೇ ಉಳಿದಿರುವುದುಂಟು. ಖಾತೆದಾರರು ಇನ್ನು ಬಳಸಬೇಡಿ ಎಂದು ತಿಳಿಸಿದ ನಂತರವೂ ಬಳಕೆ ಮುಂದುವರಿಸಿದಲ್ಲಿ ಅನುಮತಿಯಿತ್ತು ಎಂಬ ಸಮರ್ಥನೆ ನಿಲ್ಲುವುದು ಕಷ್ಟ. ಆದುದರಿಂದ ಅನುಮತಿ ಹಿಂಪಡೆಯುವವರು ಬಾಯಿಮಾತಿನಲ್ಲಿ ಹೇಳುವುದರ ಬದಲು ಮೊಬೈಲ್ ಸಂದೇಶದ ಮೂಲಕ ತಿಳಿಸಿ, ಸದರಿ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳತಕ್ಕದ್ದು. ಅದೇ ದಿನ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಸಾಧನಗಳಿಂದ ನಿರ್ಗಮಿಸುವ ಸೌಲಭ್ಯವನ್ನು ಬಳಸಿದಲ್ಲಿ ಹೆಚ್ಚಿನ ವ್ಯಾಜ್ಯಗಳು ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಮುಗಿಯುತ್ತವೆ.

66ಸಿ ಅಪರಾಧವು ಸಂಜ್ಞೇಯವಾಗಿದ್ದು, 77ಬಿ ಪ್ರಕರಣದ ಮೇರೆಗೆ ಜಾಮೀನು ನೀಡಬಹುದಾದದ್ದಾಗಿದೆ. 78ನೇ ಪ್ರಕರಣದಂತೆ ಪೊಲೀಸ್ ನಿರೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ತನಿಖೆ ನಡೆಸತಕ್ಕದ್ದು.

ಕರ್ನಾಟಕದ 2014ರ ತಿದ್ದುಪಡಿ

ರಾಜ್ಯದಲ್ಲಿ ಪಾಸ್‌ವರ್ಡ್ ದುರುಪಯೋಗಕ್ಕೆ ಸಂಬಂಧಿಸಿದ ಅತ್ಯಂತ ಕಠಿಣ ಉಪಬಂಧವು ಜನರು ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಅಧಿನಿಯಮದಲ್ಲಿದೆ. ಮೂಲತಃ ಕಳ್ಳಭಟ್ಟಿ, ಮಾದಕವಸ್ತು, ಜೂಜು, ಗೂಂಡಾಗಿರಿ, ಕೊಳಚೆ ಪ್ರದೇಶಗಳ ಕಬಳಿಕೆ ಮೊದಲಾದವುಗಳನ್ನು ತಡೆಯಲು ರೂಪಿಸಲಾಗಿದ್ದ ಸದರಿ ಅಧಿನಿಯಮಕ್ಕೆ 2014ರಲ್ಲಿ ತಿದ್ದುಪಡಿ ತಂದು, ಡಿಜಿಟಲ್ ಅಪರಾಧಿ ಎಂಬ ಹೊಸ ವರ್ಗವನ್ನು ಸೇರಿಸಲಾಯಿತು. ದೃಶ್ಯ ಮತ್ತು ಶ್ರವ್ಯ ಕೃತಿಗಳ ನಕಲಿ ತಯಾರಕರನ್ನೂ ಅದರ ವ್ಯಾಪ್ತಿಗೆ ತರಲಾಯಿತು.

ಡಿಜಿಟಲ್ ಅಪರಾಧಿ ಎಂದರೆ ಯಾರು ಎಂಬುದಕ್ಕೆ ನೀಡಿರುವ ವ್ಯಾಖ್ಯೆಯಲ್ಲಿ ಮೂರು ಭಾಗಗಳಿವೆ. ಪುಸ್ತಕ, ಸಂಗೀತ, ಚಲನಚಿತ್ರ, ತಂತ್ರಾಂಶ ಮುಂತಾದವುಗಳ ಕೃತಿಸ್ವಾಮ್ಯವನ್ನು ವಾಣಿಜ್ಯ ಉದ್ದೇಶಕ್ಕಾಗಿ ತಿಳಿದೂ ತಿಳಿದೂ ಉಲ್ಲಂಘಿಸುವವರು ಮೊದಲನೆಯವರು. ಬೇರೊಬ್ಬ ಬಳಕೆದಾರರ ಗುರುತಿನ ಮೂಲಕ ಅಕ್ರಮವಾಗಿ ಪ್ರವೇಶಿಸಿ, ತನಗಾಗಲೀ ಇತರರಿಗಾಗಲೀ ಹಣದ ಲಾಭಕ್ಕಾಗಿ ಗಣಕಯಂತ್ರ ಅಥವಾ ಡಿಜಿಟಲ್ ಜಾಲವನ್ನು ಅಕ್ರಮವಾಗಿ ಬಳಸುವವರು ಎರಡನೆಯವರು. ಮಾಹಿತಿ ತಂತ್ರಜ್ಞಾನ ಅಧಿನಿಯಮದ 67ರಿಂದ 75ರವರೆಗಿನ ಪ್ರಕರಣಗಳ ಅಪರಾಧಗಳನ್ನು ಎಸಗುವವರು ಮೂರನೆಯವರು. ಪಾಸ್‌ವರ್ಡಿಗೆ ನೇರವಾಗಿ ಸಂಬಂಧಿಸಿದ 66ಸಿ ಈ ಪಟ್ಟಿಯಲ್ಲಿ ಇಲ್ಲವೆಂಬುದು ಗಮನಾರ್ಹ. ಆದುದರಿಂದ ಪಾಸ್‌ವರ್ಡ್ ದುರುಪಯೋಗ ಈ ಅಧಿನಿಯಮದ ಒಳಗೆ ಬರಬೇಕಾದರೆ ಎರಡನೆಯ ಭಾಗದ ಬಾಗಿಲಿನಿಂದಲೇ ಬರಬೇಕು. ಆ ಬಾಗಿಲಿಗೆ ಹಣದ ಲಾಭ ಎಂಬ ಹೊಸ್ತಿಲಿದೆ.

ಈ ಅಧಿನಿಯಮವು ಶಿಕ್ಷೆಯ ಕಾನೂನಲ್ಲ, ಮುನ್ನೆಚ್ಚರಿಕೆ ಬಂಧನದ ಕಾನೂನು. ಅಪರಾಧ ಸಾಬೀತಾಗುವ ಮೊದಲೇ, ಮುಂದೆ ಎಸಗದಂತೆ ತಡೆಯುವ ಸಲುವಾಗಿ ವ್ಯಕ್ತಿಯನ್ನು ಬಂಧನದಲ್ಲಿಡಲು ಅವಕಾಶವಿದೆ. ಗರಿಷ್ಠ ಅವಧಿ 12 ತಿಂಗಳು. ತಿದ್ದುಪಡಿ ಬಂದ ಕಾಲದಲ್ಲಿ ಹಾಡೊಂದನ್ನು ಮೊಬೈಲಿಗೆ ಇಳಿಸಿಕೊಂಡವರನ್ನೂ ಹಿಡಿದು ಹಾಕಬಹುದು ಎಂಬ ಆತಂಕ ವ್ಯಕ್ತವಾಗಿತ್ತು. ಆ ಆತಂಕ ಸಂಪೂರ್ಣ ನಿರಾಧಾರವೆನ್ನಲಾಗದು. ಮುನ್ನೆಚ್ಚರಿಕೆ ಬಂಧನದಂತಹ ಅಧಿಕಾರದ ಬಗ್ಗೆ ನಾಗರಿಕರು ಎಚ್ಚರದಿಂದಿರುವುದು ಸಹಜ. ಆದರೆ ಅಧಿನಿಯಮದೊಳಗೇ ಇರುವ ತಡೆಗಳನ್ನೂ ತಿಳಿದಿರಬೇಕು. ವ್ಯಕ್ತಿಯ ಚಟುವಟಿಕೆಯು ಸಾರ್ವಜನಿಕ ಸುವ್ಯವಸ್ಥೆಗೆ ಬಾಧಕವಾಗಿದ್ದಲ್ಲಿ ಮಾತ್ರ ಬಂಧನದ ಆದೇಶ ಹೊರಡಿಸಬಹುದು. ಪೊಲೀಸ್ ಆಯುಕ್ತಾಲಯವಿಲ್ಲದ ಹಾಸನದಂತಹ ಜಿಲ್ಲೆಯಲ್ಲಿ ಸರ್ಕಾರವು ಈ ಅಧಿಕಾರವನ್ನು ವಹಿಸುವುದು ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಜಿಲ್ಲಾಧಿಕಾರಿಗಳಿಗೆ. ಠಾಣಾಧಿಕಾರಿಗೆ ಈ ಅಧಿಕಾರವಿಲ್ಲ. ಜಿಲ್ಲಾ ದಂಡಾಧಿಕಾರಿಗಳ ಆದೇಶವನ್ನು 12 ದಿನಗಳೊಳಗೆ ಸರ್ಕಾರ ಅನುಮೋದಿಸದಿದ್ದಲ್ಲಿ ಅದು ಬಿದ್ದುಹೋಗುತ್ತದೆ. ಬಂಧನದ ಕಾರಣಗಳನ್ನು 5 ದಿನಗಳೊಳಗೆ ಬಂಧಿತರಿಗೆ ತಿಳಿಸತಕ್ಕದ್ದು. ಮೂರು ವಾರಗಳೊಳಗೆ ವಿಷಯವನ್ನು ಸಲಹಾ ಮಂಡಳಿಯ ಮುಂದಿಡತಕ್ಕದ್ದು.

ತಂದೆ ತಾಯಿಗೆ ಪಾಸ್‌ವರ್ಡ್ ಕೊಟ್ಟ ಮಗಳಿಂದ ಸಾರ್ವಜನಿಕ ಸುವ್ಯವಸ್ಥೆ ಕದಡುವುದಿಲ್ಲ. ನೂರಾರು ಜನರ ಖಾತೆಗಳ ವಿವರ ಕದ್ದು, ಮಾರಾಟದ ಜಾಲ ನಡೆಸುವವರ ವಿಷಯ ಹಾಗಲ್ಲ.

ಅಗ್ಗದ ಖಾತೆಗಳ ಮಾರಾಟ

ವರ್ಷದ ಚಂದಾವನ್ನು ನಿಜಬೆಲೆಯ ಒಂದು ಪಾಲಿಗೆ ಕೊಡುತ್ತೇವೆಂದು ಟೆಲಿಗ್ರಾಂ, ವಾಟ್ಸಾಪ್ ಗುಂಪುಗಳಲ್ಲಿ ಜಾಹೀರಾತು ಬರುವುದನ್ನು ಓದುಗರು ಗಮನಿಸಿರಬಹುದು. ಇಂತಹ ಖಾತೆಗಳಲ್ಲಿ ಎರಡು ಬಗೆ. ಒಂದೇ ಚಂದಾವನ್ನು ಹಲವರಿಗೆ ಬಿಡಿಬಿಡಿಯಾಗಿ ಮಾರುವುದು ಒಂದು ಬಗೆ. ಬೇರೆಡೆ ಸೋರಿಕೆಯಾದ ಮಿಂಚಂಚೆ ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಓಟಿಟಿ ತಾಣಗಳಲ್ಲಿ ಪ್ರಯೋಗಿಸಿ, ತೆರೆದುಕೊಂಡ ಖಾತೆಗಳನ್ನು ಮಾರುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಖಾತೆಯ ನಿಜವಾದ ಒಡೆಯರಿಗೆ ವಿಷಯವೇ ತಿಳಿದಿರುವುದಿಲ್ಲ. ಮಾರುವವರ ಮೇಲೆ 66ಸಿ ಅಲ್ಲದೆ, ಗಣಕ ಸಂಪನ್ಮೂಲ ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸಿದ್ದಲ್ಲಿ 66ಡಿ, ಹಾಗೂ ವಂಚನೆಗಾಗಿ ಭಾರತೀಯ ನ್ಯಾಯ ಸಂಹಿತೆ, 2023ರ 318ನೇ ಪ್ರಕರಣಗಳ ಮೇರೆಗೆ ಕ್ರಮ ಜರುಗಿಸಬಹುದಾಗಿದೆ. ಕೊಂಡವರೂ ಸುರಕ್ಷಿತರಲ್ಲ. ಅದು ಕದ್ದ ಖಾತೆಯೆಂದು ತಿಳಿದೂ ಬಳಸಿದಲ್ಲಿ ಅವರ ಬಳಕೆಯೇ 66ಸಿ ವ್ಯಾಪ್ತಿಗೆ ಬರುತ್ತದೆ. ಬೆಲೆ ಅಸಹಜವಾಗಿ ಕಡಿಮೆಯಿದ್ದು, ಪಾಸ್‌ವರ್ಡ್ ಬದಲಾಯಿಸಬೇಡಿ ಎಂದು ಮಾರುವವರು ಷರತ್ತು ಹಾಕಿದಲ್ಲಿ, ತಿಳಿದಿರಲಿಲ್ಲ ಎಂಬ ಮಾತನ್ನು ನಂಬಿಸುವುದು ಸುಲಭವಲ್ಲ.

ಹೆದ್ದಾರಿಯ ಹೋಟೆಲುಗಳಲ್ಲಿ, ಹಬ್ಬದ ಪೆಂಡಾಲುಗಳಲ್ಲಿ ವೈಯಕ್ತಿಕ ಖಾತೆಯಿಂದ ಪಂದ್ಯ ಅಥವಾ ಚಿತ್ರವನ್ನು ಸಾರ್ವಜನಿಕರಿಗೆ ತೋರಿಸುವವರು, ವಿಶೇಷವಾಗಿ ಅದಕ್ಕೆ ಹಣ ಪಡೆಯುವವರು, ಕೃತಿಸ್ವಾಮ್ಯ ಅಧಿನಿಯಮ, 1957ನ್ನು ಗಮನಿಸತಕ್ಕದ್ದು. ಅದರ 63ನೇ ಪ್ರಕರಣದ ಮೇರೆಗೆ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ, ಜುಲ್ಮಾನೆ 50,000 ರೂಪಾಯಿಗಳಿಂದ ಎರಡು ಲಕ್ಷ ರೂಪಾಯಿಗಳವರೆಗೆ. ಸದರಿ ಅಪರಾಧ ಸಂಜ್ಞೇಯ ಮತ್ತು ಜಾಮೀನುರಹಿತ ಎಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿದೆ. ಅಂದರೆ ಪಾಸ್‌ವರ್ಡ್ ಕದ್ದವರಿಗಿಂತ, ಪಂದ್ಯವನ್ನು ಟಿಕೆಟ್ ಇಟ್ಟು ತೋರಿಸಿದವರಿಗೆ ಜಾಮೀನು ದೊರೆಯುವುದು ಕಷ್ಟವಾಗಬಹುದು.

ಹೊರದೇಶಗಳ ಕಾನೂನು

ಪಾಸ್‌ವರ್ಡ್ ಹಂಚಿದರೆ ಜೈಲು ಎಂಬ ಸುದ್ದಿಗಳಲ್ಲಿ ಕೆಲವು ಹೊರದೇಶಗಳಿಂದ ಬಂದಂಥವು. ಅಮೆರಿಕದ ಟೆನೆಸೀ ರಾಜ್ಯವು 2011ರ ಜುಲೈ 1ರಿಂದ ತನ್ನ ಕಳವಿನ ಕಾನೂನನ್ನು ಮನರಂಜನಾ ಚಂದಾ ಸೇವೆಗಳಿಗೂ ವಿಸ್ತರಿಸಿತು. 500 ಡಾಲರ್‌ವರೆಗಿನ ಕಳವಿಗೆ ಒಂದು ವರ್ಷದವರೆಗೆ ಸೆರೆ ಮತ್ತು 2,500 ಡಾಲರ್‌ವರೆಗೆ ದಂಡವನ್ನು ಅದು ಹೇಳಿತು. ಸಂಗೀತ ಉದ್ಯಮದ ಕೇಂದ್ರವಾದ ನ್ಯಾಶ್‌ವಿಲ್ ನಗರ ಆ ರಾಜ್ಯದಲ್ಲಿದೆ. ಪಾಸ್‌ವರ್ಡುಗಳನ್ನು ಸಗಟಾಗಿ ಮಾರುವವರೇ ಅದರ ಗುರಿ ಎಂದು ಮಂಡಿಸಿದವರು ಹೇಳಿದ್ದರೂ, ಸ್ನೇಹಿತರ ಪಾಸ್‌ವರ್ಡ್ ಬಳಸುವವರಿಗೂ ಅನ್ವಯಿಸುವಂತೆ ಅದರ ಭಾಷೆಯಿತ್ತು. ಬ್ರಿಟನ್ನಿನ ಬೌದ್ಧಿಕ ಸ್ವತ್ತಿನ ಕಚೇರಿಯು 2022ರ ಡಿಸೆಂಬರ್‌ನಲ್ಲಿ ತನ್ನ ಮಾರ್ಗಸೂಚಿಯಲ್ಲಿ ಪಾಸ್‌ವರ್ಡ್ ಹಂಚಿಕೆಯನ್ನು ಕೃತಿಸ್ವಾಮ್ಯ ಉಲ್ಲಂಘನೆಗಳ ಸಾಲಿನಲ್ಲಿ ಸೇರಿಸಿ, ಆ ಉಲ್ಲೇಖವನ್ನು ನಂತರ ತೆಗೆದುಹಾಕಿತು. ಇವು ಯಾವುವೂ ಭಾರತದಲ್ಲಿ ಅನ್ವಯವಾಗುವುದಿಲ್ಲ. ವಿದೇಶದಲ್ಲಿ ನೆಲೆಸಿರುವ ಮಕ್ಕಳ ಖಾತೆಯನ್ನು ಇಲ್ಲಿ ಬಳಸುವ ಹಿರಿಯರು ಇಂತಹ ಸುದ್ದಿ ಓದಿ ಗಾಬರಿಗೊಳ್ಳಬೇಕಾಗಿಲ್ಲ.

ದಂಡ ಕಟ್ಟಿರೆಂದು ಕರೆ ಬಂದಲ್ಲಿ

ಸಾರ್ವಜನಿಕರ ಇಂತಹ ಗಾಬರಿಯೇ ವಂಚಕರಿಗೆ ಬಂಡವಾಳ. ನಿಮ್ಮ ಖಾತೆಯಿಂದ ಅಕ್ರಮ ವೀಕ್ಷಣೆ ನಡೆದಿದೆ, ಪ್ರಕರಣ ದಾಖಲಾಗಿದೆ, ತಕ್ಷಣ ಹಣ ಪಾವತಿಸದಿದ್ದಲ್ಲಿ ಬಂಧಿಸಲಾಗುವುದು ಎಂದು ದೂರವಾಣಿ ಅಥವಾ ವೀಡಿಯೊ ಕರೆ ಬಂದಲ್ಲಿ ಅದನ್ನು ವಂಚನೆಯೆಂದೇ ತಿಳಿಯತಕ್ಕದ್ದು. ಡಿಜಿಟಲ್ ಬಂಧನ ಎಂಬ ವ್ಯವಸ್ಥೆ ಯಾವ ಕಾನೂನಿನಲ್ಲಿಯೂ ಇಲ್ಲ. ಪೊಲೀಸರು ದೂರವಾಣಿಯಲ್ಲಿ ಜುಲ್ಮಾನೆ ವಸೂಲು ಮಾಡುವುದಿಲ್ಲ.

ಏಳು ವರ್ಷಗಳವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಬಂಧನ ಅಗತ್ಯವಿಲ್ಲವೆಂದು ಕಂಡಲ್ಲಿ ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 35(3)ನೇ ಪ್ರಕರಣದ ಮೇರೆಗೆ ಹಾಜರಾಗಲು ನೋಟೀಸು ನೀಡುತ್ತಾರೆ. ಸದರಿ ನೋಟೀಸನ್ನು ವಾಟ್ಸಾಪ್ ಅಥವಾ ಇತರ ವಿದ್ಯುನ್ಮಾನ ವಿಧಾನದಲ್ಲಿ ಜಾರಿ ಮಾಡುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ನಿರ್ದೇಶಿಸಿದೆ. ಆದುದರಿಂದ ಮೊಬೈಲಿಗೆ ಬಂದ, ಮೊಹರು ಹಾಕಿದ ಚಿತ್ರವನ್ನು ನೋಡಿ ಹಣ ಕಳುಹಿಸಬಾರದು. ಕಳುಹಿಸಿಬಿಟ್ಟಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ಹಣ ಇನ್ನೊಂದು ಖಾತೆಗೆ ಸಾಗುವ ಮೊದಲೇ ತಡೆಹಿಡಿಯಲು ಮೊದಲ ಗಂಟೆಗಳು ಬಹಳ ಮುಖ್ಯ.

ದೂರು ಸಲ್ಲಿಸುವ ವಿಧಾನ

ತಮ್ಮ ಖಾತೆಯನ್ನು ಅನ್ಯರು ಅಕ್ರಮವಾಗಿ ಬಳಸುತ್ತಿದ್ದಾರೆಂದು ಕಂಡುಬಂದ ನಾಗರಿಕರು ಹಾಸನದಲ್ಲಿರುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ದೂರು ನೀಡಬಹುದು. ಹಾಸನದವರೆಗೆ ಹೋಗಲಾಗದವರು ಶಾಂತಿಗ್ರಾಮ ಅಥವಾ ತಮ್ಮ ವ್ಯಾಪ್ತಿಯ ಠಾಣೆಯಲ್ಲಿಯೇ ದೂರು ಕೊಡಬಹುದು. ತನಿಖೆ ನಿರೀಕ್ಷಕರದ್ದೇ ಆದರೂ ದೂರು ಸ್ವೀಕರಿಸಲು ಅದು ಅಡ್ಡಿಯಲ್ಲ. ಅಪರಾಧ ನಡೆದ ಸ್ಥಳ ಯಾವ ಠಾಣೆಯದೆಂಬ ಕಾರಣಕ್ಕೂ ದೂರನ್ನು ಹಿಂದಿರುಗಿಸುವಂತಿಲ್ಲ. ಸಂಹಿತೆಯ 173ನೇ ಪ್ರಕರಣ ಇದನ್ನು ಸ್ಪಷ್ಟಪಡಿಸಿದೆ. ವಿದ್ಯುನ್ಮಾನ ವಿಧಾನದಲ್ಲಿ ಮಾಹಿತಿ ನೀಡಿದವರು ಮೂರು ದಿನಗಳೊಳಗೆ ಸಹಿ ಮಾಡಿದಲ್ಲಿ ಅದು ದಾಖಲಾಗುತ್ತದೆ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡತಕ್ಕದ್ದು. ದೂರು ದಾಖಲಿಸಲು ನಿರಾಕರಿಸಿದಲ್ಲಿ ಅದರ ಸಾರಾಂಶವನ್ನು ಲಿಖಿತವಾಗಿ ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು. ಅಲ್ಲಿಯೂ ಫಲ ದೊರೆಯದಿದ್ದಲ್ಲಿ ದಂಡಾಧಿಕಾರಿಗಳ ನ್ಯಾಯಾಲಯವನ್ನು ಕೋರಬಹುದು.

ದೂರಿನೊಂದಿಗೆ ಹೊಸ ಸಾಧನದಿಂದ ಪ್ರವೇಶವಾಗಿದೆ ಎಂದು ಸಂಸ್ಥೆ ಕಳುಹಿಸಿದ ಮಿಂಚಂಚೆ, ಖಾತೆಯಲ್ಲಿ ಕಾಣುವ ಸಾಧನಗಳ ಪಟ್ಟಿಯ ಪರದೆಚಿತ್ರ, ಚಂದಾ ಪಾವತಿಯ ದಾಖಲೆ, ಮಾರಾಟಗಾರರೊಡನೆ ವ್ಯವಹಾರ ನಡೆದಿದ್ದಲ್ಲಿ ಅವರ ದೂರವಾಣಿ ಸಂಖ್ಯೆ ಹಾಗೂ ಯುಪಿಐ ವಹಿವಾಟಿನ ಸಂಖ್ಯೆಯನ್ನು ಲಗತ್ತಿಸುವುದು. ಮೂಲ ಸಂದೇಶಗಳನ್ನು ಮೊಬೈಲಿನಿಂದ ಅಳಿಸಬಾರದು. ಮುಂದೆ ನ್ಯಾಯಾಲಯದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣದ ಪ್ರಮಾಣಪತ್ರದೊಂದಿಗೆ ಅವನ್ನು ಹಾಜರುಪಡಿಸಬೇಕಾಗುತ್ತದೆ. ದೂರಿನಲ್ಲಿ ಪಾಸ್‌ವರ್ಡನ್ನು ಬರೆಯುವ ಅಗತ್ಯವಿಲ್ಲ, ಬರೆಯಲೂ ಬಾರದು.

ಶಿಕ್ಷೆಗಿಂತ ನಷ್ಟಪರಿಹಾರ ಬೇಕೆನ್ನುವವರು ಮಾಹಿತಿ ತಂತ್ರಜ್ಞಾನ ಅಧಿನಿಯಮದ 46ನೇ ಪ್ರಕರಣದ ಮೇರೆಗೆ ನ್ಯಾಯನಿರ್ಣಯ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರೇ ಈ ಅಧಿಕಾರಿ. ಐದು ಕೋಟಿ ರೂಪಾಯಿಗಳವರೆಗಿನ ಕೋರಿಕೆಗಳನ್ನು ಅವರು ವಿಚಾರಿಸುತ್ತಾರೆ. ಕೆಲವು ನೂರು ರೂಪಾಯಿಗಳ ಚಂದಾ ವಿಷಯಕ್ಕೆ ಬೆಂಗಳೂರಿನವರೆಗೆ ಹೋಗುವುದು ಲಾಭದಾಯಕವಲ್ಲ. ಆದರೆ ಅದೇ ಪಾಸ್‌ವರ್ಡಿನಿಂದ ಮಿಂಚಂಚೆ, ಅದರ ಮೂಲಕ ಬ್ಯಾಂಕ್ ಖಾತೆ ಕೈತಪ್ಪಿದಾಗ ಈ ಮಾರ್ಗ ಉಪಯುಕ್ತ.

ಸೇವಾ ಕೇಂದ್ರಗಳಲ್ಲಿ ಅರ್ಜಿ ಸಲ್ಲಿಸುವವರಿಗೆ

ಓಟಿಟಿಗೆ ಒಂದು, ಮಿಂಚಂಚೆಗೆ ಒಂದು, ಸೇವಾ ಸಿಂಧು ಖಾತೆಗೆ ಒಂದು ಎಂದು ಬೇರೆ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳತಕ್ಕದ್ದು. ಮನೆಯ ಟಿವಿಗಾಗಿ ನೆರೆಯವರಿಗೆ ಹೇಳಿದ ಪದವೇ ಆದಾಯ ಪ್ರಮಾಣಪತ್ರದ ಅರ್ಜಿಯ ಖಾತೆಯನ್ನೂ ತೆರೆಯುವಂತಿರಬಾರದು. ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸುವಾಗ ತಮ್ಮ ಖಾತೆಯ ಪಾಸ್‌ವರ್ಡನ್ನು ತಾವೇ ನಮೂದಿಸತಕ್ಕದ್ದು. ಬರೆಯಲು ಬಾರದವರು ನಂಬಿಕೆಯ ಮನೆಯವರನ್ನು ಜೊತೆಗೆ ಕರೆತರಬಹುದು. ಮೊಬೈಲಿಗೆ ಬರುವ ಓಟಿಪಿಯನ್ನು ಹೇಳುವ ಮೊದಲು, ಅದು ಯಾವ ಸೇವೆಗೆ ಬಂದಿದೆ ಎಂದು ಸಂದೇಶವನ್ನು ಪೂರ್ತಿ ಓದಿ ಅಥವಾ ಓದಿಸಿ ತಿಳಿದುಕೊಳ್ಳತಕ್ಕದ್ದು. ಅರ್ಜಿದಾರರ ಪಾಸ್‌ವರ್ಡನ್ನು ಅವರ ಅರಿವಿಲ್ಲದೆ ಉಳಿಸಿಕೊಂಡು ಅಪ್ರಾಮಾಣಿಕವಾಗಿ ಬಳಸುವ ಯಾರಿಗೇ ಆಗಲಿ, ಓಟಿಟಿ ಖಾತೆಯ ವಿಷಯದಲ್ಲಿ ಹೇಳಲಾದ 66ಸಿ ಪ್ರಕರಣವೇ ಅನ್ವಯವಾಗುತ್ತದೆ.